ಲ್ಯಾಪ್‌ಟಾಪ್ ಬಿಚ್ಚಿ ಒಳಗೆ ನೋಡೋಣ

ಟೇಬಲ್ ಮೇಲೆ ಬೋರಲು ಮಲಗಿಸಿರೋ ಈ ಲ್ಯಾಪ್‌ಟಾಪ್‌ಗೆ ಇವತ್ತು ಬ್ಯಾಟರಿ ಬದಲಾಯಿಸ್ತೀನಿ. ಹಾಗೇ ಒಳಗಿರೋ ಒಂದೊಂದು ಭಾಗನೂ ತೋರಿಸ್ತಾ ಹೋಗ್ತೀನಿ, ಯಾಕಂದ್ರೆ ಬಹಳ ದಿನದಿಂದ ಹೇಳ್ಬೇಕು ಅಂದ್ಕೊಂಡಿರೋ ಮಾತೊಂದಿದೆ. ಲ್ಯಾಪ್‌ಟಾಪ್‌ನಲ್ಲಿ ಯಾವುದು ಬೇಗ ಸವೆಯುತ್ತೋ ಅದು ಕೈಗೂ ಬೇಗ ಸಿಗ್ಬೇಕು. ಬ್ಯಾಟರಿ, ಕೀಬೋರ್ಡ್, ಫ್ಯಾನ್, ಚಾರ್ಜಿಂಗ್ ಪೋರ್ಟ್, ಇವೆಲ್ಲ ಸವೆಯೋ ಸಾಮಾನು. ಪ್ರೊಸೆಸರ್ ಕೆಡೋದು ಅಪರೂಪ. ಆದ್ರೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಸವೆಯೋ ಭಾಗಗಳನ್ನೇ ತಳದಲ್ಲಿ ಹೂತಿಟ್ಟಿರ್ತಾರೆ.

ಶಟ್‌ಡೌನ್ ಮಾಡಾಯ್ತು, ಚಾರ್ಜರ್ ಕಿತ್ತಾಯ್ತು. ಈಗ ಸ್ಕ್ರೂಗಳು. ಇವೆರಡನ್ನ ಪಕ್ಕಪಕ್ಕ ಇಡ್ತೀನಿ ನೋಡಿ, ಹಿಂದಿನ ಸಾಲಿಂದು ಉದ್ದ, ಮುಂದಿನದು ಗಿಡ್ಡ. ಗಿಡ್ಡದ ಜಾಗಕ್ಕೆ ಉದ್ದದ್ದು ಹಾಕಿ ತಿರುಗಿಸಿದ್ರೆ ಅದು ಹೋಗಿ ಚಿಪ್‌ಗಳೆಲ್ಲ ಕೂತಿರೋ ಮದರ್‌ಬೋರ್ಡಿಗೋ ಮೇಲಿನ ಕವರಿಗೋ ಚುಚ್ಚುತ್ತೆ. ಅದಕ್ಕೇ ಹಾಳೆ ಮೇಲೆ ಲ್ಯಾಪ್‌ಟಾಪ್ ಆಕಾರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಟೇಪ್ ಹಾಕಿ ಅಂಟಿಸ್ತಿದ್ದೀನಿ. ಎಲ್ಲ ತೆಗೆದ್ರೂ ಕವರ್ ಅಲುಗ್ತಿಲ್ಲ ಅಂದ್ರೆ ಬಲ ಹಾಕ್ಬೇಡಿ. ರಬ್ಬರ್ ಪಾದದ ಕೆಳಗೆ ಇನ್ನೊಂದೆರಡು ಅಡಗಿರಬಹುದು. ಇದರಲ್ಲಿರೋದು ಸಾಮಾನ್ಯ ಫಿಲಿಪ್ಸ್ ಸ್ಕ್ರೂ, ತಲೆ ಮೇಲೆ + ಆಕಾರ ಇರೋದು. ಮ್ಯಾಕ್‌ಬುಕ್ ಆದ್ರೆ ಐದೆಸಳಿನ ಪೆಂಟಲೋಬ್ ಇರುತ್ತೆ, ಎಲ್ಲರ ಹತ್ರ ಇರೋ ಸ್ಕ್ರೂಡ್ರೈವರ್ ಅದಕ್ಕೆ ಕೂರಲ್ಲ. ಕವರ್ ಹಿಡಿದಿಡೋಕೆ ಯಾವ ಸ್ಕ್ರೂ ಆದ್ರೂ ಸಾಕು. ಅಪರೂಪದ ತಲೆ ಇಡೋದರಿಂದ ಕೊಂಡವರಿಗೆ ಸಿಗೋ ಲಾಭ ಏನೂ ನನಗೆ ಕಾಣಲ್ಲ.

ಕವರ್ ಒಳಗಡೆ ಕ್ಲಿಪ್‌ಗಳಿರುತ್ವೆ. ಮೂಲೆಯಿಂದ ತೆಳುವಾದ ಪ್ಲಾಸ್ಟಿಕ್ ಪಿಕ್ ತೂರಿಸಿ ಅಂಚಿನುದ್ದಕ್ಕೂ ಜಾರಿಸ್ತಿದ್ದೀನಿ. ಟಕ್ ಟಕ್ ಅಂತ ಕೇಳಿಸ್ತಿದೆಯಲ್ಲ, ಅದು ಕ್ಲಿಪ್ ಬಿಟ್ಕೊಳ್ತಿರೋ ಸದ್ದು, ಹೆದರ್ಬೇಡಿ.

ಬಂತು. ಈಗ ಬೇರೆ ಏನನ್ನೂ ಮುಟ್ಟೋಕೆ ಮುಂಚೆ ಬ್ಯಾಟರಿ ಕನೆಕ್ಟರ್ ಬಿಡಿಸ್ಬೇಕು. ವೈರ್ ಹಿಡಿದು ಎಳೀಬಾರದು, ಕನೆಕ್ಟರ್‌ನ ಎರಡೂ ಬದಿ ಉಗುರು ಕೊಟ್ಟು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿಸ್ಬೇಕು. ಆಮೇಲೆ ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡೀರಿ, ಒಳಗೆ ಉಳಿದಿರೋ ಚೂರುಪಾರು ಚಾರ್ಜ್ ಹೋಗ್ಲಿ.

ಈ ಬ್ಯಾಟರಿನ ಸ್ಕ್ರೂಗಳಷ್ಟೇ ಹಿಡಿದಿವೆ. ಬಿಚ್ಚಿದೆ, ಎತ್ತಿದೆ, ಮುಗೀತು. ಎಲ್ಲ ಕಡೆ ಹೀಗಿರಲ್ಲ. 2012ರಲ್ಲಿ ಬಂದ ರೆಟಿನಾ ಮ್ಯಾಕ್‌ಬುಕ್ ಪ್ರೊದಲ್ಲಿ ಬ್ಯಾಟರಿನ ಕವರಿಗೇ ಅಂಟಿಸಿಬಿಟ್ಟಿದ್ರು, ರ‍್ಯಾಮ್ ಅನ್ನೋ ತಾತ್ಕಾಲಿಕ ಮೆಮೊರಿ ಕೂಡ ಬೋರ್ಡಿಗೇ ಸೋಲ್ಡರ್, ಅಂದ್ರೆ ಬೆಸುಗೆ ಹಾಕಿದ್ದು. ಸಾಧನಗಳನ್ನ ಬಿಚ್ಚಿ ರಿಪೇರಿಗೆ ಎಷ್ಟು ಸುಲಭ ಅಂತ ಅಂಕ ಕೊಡೋ ಐಫಿಕ್ಸಿಟ್ ಅದಕ್ಕೆ 10ಕ್ಕೆ 1 ಕೊಟ್ಟಿತ್ತು. ಅಂಟಿಸಿದ ಲಿಥಿಯಂ ಬ್ಯಾಟರಿನ ಮೀಟಿ ತೆಗೆಯೋದು ನಿಜಕ್ಕೂ ಅಪಾಯ, ಬಾಗಿದ್ರೆ, ತೂತಾದ್ರೆ ಬೆಂಕಿ ಹತ್ತಬಹುದು. ನಿಮ್ಮ ಟಚ್‌ಪ್ಯಾಡ್ ಒತ್ತೋಕೆ ಬಿಗಿ ಆಗಿದ್ರೆ, ಮುಚ್ಚಿದಾಗ ಅಂಚು ಸರಿಯಾಗಿ ಕೂಡ್ತಿಲ್ಲ ಅಂದ್ರೆ ಬ್ಯಾಟರಿ ಉಬ್ಬಿರೋ ಸಾಧ್ಯತೆ ಇದೆ. ಆಗ ಚಾರ್ಜ್ ಮಾಡೋದು ನಿಲ್ಲಿಸಿ, ಅದು ಅಂಟಿಸಿರೋದಾದ್ರೆ ಗೊತ್ತಿರೋರ ಕೈಗೇ ಕೊಡಿ. ಯೂರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ಬ್ಯಾಟರಿ ಕಾನೂನಿನಲ್ಲಿ, ಇಂಥ ಚಿಕ್ಕ ಸಾಧನಗಳ ಬ್ಯಾಟರಿನ ಬಳಸೋರೇ ತೆಗೆದು ಹಾಕೋ ಹಾಗಿರ್ಬೇಕು ಅಂತಿದೆ. ಅದು ಜಾರಿಗೆ ಬರೋ ದಿನ 2027ರ ಫೆಬ್ರವರಿ 18. ಇಷ್ಟು ಸರಳ ವಿಷಯಕ್ಕೆ ಕಾನೂನೇ ಬೇಕಾಯ್ತಲ್ಲ ಅಂತ ಬೇಜಾರಾದ್ರೂ, ಬಂತಲ್ಲ ಅಂತ ಖುಷಿನೂ ಇದೆ.

ಎಸ್‌ಎಸ್‌ಡಿ ಅಂದ್ರೆ ಫೈಲುಗಳೆಲ್ಲ ಉಳಿಯೋ ಜಾಗ, ಅದರ ಬಗ್ಗೆ ಹೆಚ್ಚು ಹೇಳೋದಿಲ್ಲ. ಎಂ.2 ಅನ್ನೋ ಮಾದರಿಯ ಪಟ್ಟಿ, 22 ಮಿಲಿಮೀಟರ್ ಅಗಲ, 80 ಉದ್ದ, ಒಂದೇ ಸ್ಕ್ರೂ. ಕೆಲವದರಲ್ಲಿ 30 ಮಿಲಿಮೀಟರ್‌ನ ಗಿಡ್ಡದ್ದು ಇರುತ್ತೆ, ಕೊಳ್ಳೋಕೆ ಮುಂಚೆ ಅಳತೆ ನೋಡ್ಕೊಳಿ.

ರ‍್ಯಾಮ್ ಹತ್ರ ಸ್ವಲ್ಪ ನಿಲ್ಲೋಣ. ಇಲ್ಲಿ ಸ್ಲಾಟ್ ಇದೆ. ಎರಡು ಬದಿಯ ಕೊಕ್ಕೆ ಸರಿಸಿದ್ರೆ ಪಟ್ಟಿ ತಾನೇ ಓರೆಯಾಗಿ ಏಳುತ್ತೆ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಈ ಸ್ಲಾಟೇ ಇರಲ್ಲ, ಚಿಪ್‌ಗಳನ್ನ ಬೋರ್ಡಿಗೇ ಸೋಲ್ಡರ್ ಮಾಡಿರ್ತಾರೆ. ಅದಕ್ಕೆ ಕಂಪನಿಗಳು ಕೊಡೋ ಕಾರಣದಲ್ಲಿ ಹುರುಳಿದೆ. ಎಲ್‌ಪಿಡಿಡಿಆರ್ ಅನ್ನೋ ಮೆಮೊರಿ ಕಡಿಮೆ ಕರೆಂಟ್ ತಿನ್ನುತ್ತೆ, ಆದ್ರೆ ಅದರ ವೇಗಕ್ಕೆ ಪ್ರೊಸೆಸರ್‌ಗೂ ಮೆಮೊರಿಗೂ ನಡುವಿನ ದಾರಿ ತುಂಬಾ ಚಿಕ್ಕದಿರ್ಬೇಕು. ಹಳೇ ಮಾದರಿ ಸ್ಲಾಟ್‌ನಲ್ಲಿ ಅದು ಆಗಲ್ಲ. ಇದಕ್ಕೆ ಬಂದಿರೋ ಉತ್ತರ ಎಲ್‌ಪಿಕ್ಯಾಮ್2. ಪಟ್ಟಿನ ಸ್ಲಾಟಿಗೆ ತೂರಿಸೋದಿಲ್ಲ, ಬೋರ್ಡಿನ ಮೇಲೆ ಚಪ್ಪಟೆಯಾಗಿಟ್ಟು ಸ್ಕ್ರೂಗಳಿಂದ ಒತ್ತಿ ಕೂರಿಸೋದು. 2023ರ ಡಿಸೆಂಬರ್‌ನಲ್ಲಿ ಮೆಮೊರಿಗೆ ಸ್ಟ್ಯಾಂಡರ್ಡ್ ಗೊತ್ತುಮಾಡೋ ಸಂಸ್ಥೆ ಜೆಡೆಕ್ ಇದನ್ನ ಸ್ಟ್ಯಾಂಡರ್ಡ್ ಮಾಡ್ತು, 2024ರಲ್ಲಿ ಲೆನೊವೊದ ಥಿಂಕ್‌ಪ್ಯಾಡ್ ಪಿ1 ಜೆನ್ 7ರಲ್ಲಿ ಬಂತು. ಹಾಗಂತ ಎಲ್ಲ ಕಡೆ ಇದು ನಡೆಯಲ್ಲ. ರಿಪೇರಿಗೇ ಹೆಸರಾದ ಫ್ರೇಮ್‌ವರ್ಕ್ ಕಂಪನಿ ಕೂಡ 2025ರಲ್ಲಿ ತಂದ ಡೆಸ್ಕ್‌ಟಾಪ್‌ನಲ್ಲಿ ರ‍್ಯಾಮ್ ಸೋಲ್ಡರ್ ಮಾಡಿದೆ. ಅದಕ್ಕೆ ರ‍್ಯಾಮ್ ವಿಷಯದಲ್ಲಿ ನಾನು ಪೂರ್ತಿ ಕಂಪನಿಗಳನ್ನ ದೂರಲ್ಲ. ಸೋಲ್ಡರ್ ಮಾಡಿರೋದೇ ಕೊಳ್ತೀರಾದ್ರೆ, ಮುಂದಕ್ಕೂ ಸಾಕಾಗೋಷ್ಟು ಮೊದಲೇ ಹಾಕಿಸ್ಕೊಳಿ ಅಂತ ಮಾತ್ರ ಹೇಳ್ತೀನಿ.

ನನಗೆ ನಿಜವಾಗ್ಲೂ ಸಿಟ್ಟು ಬರೋದು ಕೀಬೋರ್ಡ್ ವಿಷಯಕ್ಕೆ. ದಿನವಿಡೀ ಬೆರಳು ಬೀಳೋದು ಅದರ ಮೇಲೆ. ಚಹಾ ಚೆಲ್ಲಿದ್ರೂ ಮೊದಲು ಕುಡಿಯೋದು ಅದೇ. ಇದರ ಕೀಬೋರ್ಡ್ ಇವತ್ತು ತೆಗೀತಿಲ್ಲ, ಆದ್ರೆ ದಾರಿ ತೋರಿಸ್ತೀನಿ. ಬ್ಯಾಟರಿ ತೆಗೀಬೇಕು. ಫ್ಯಾನ್ ತೆಗೀಬೇಕು. ವೈಫೈ ಆಂಟೆನಾ ವೈರ್ ಬಿಡಿಸ್ಬೇಕು. ಈ ರಿಬ್ಬನ್ ಕೇಬಲ್‌ಗಳನ್ನ ಬಿಡಿಸ್ಬೇಕು. ಕ್ಯಾಮೆರಾ ಹತ್ತಿರ ತರ್ತೀನಿ, ಕನೆಕ್ಟರ್ ಮೇಲೆ ಅಕ್ಕಿಕಾಳಿಗಿಂತ ತೆಳ್ಳಗಿನ ಕಪ್ಪು ಪಟ್ಟಿ ಕಾಣ್ತಿದೆಯಾ? ಅದು ಬಾಗಿಲ ಥರ ಮೇಲಕ್ಕೆ ಏಳುತ್ತೆ, ಎದ್ದ ಮೇಲೇ ಕೇಬಲ್ ಸಲೀಸಾಗಿ ಹೊರಗೆ ಬರೋದು. ಎಬ್ಬಿಸದೆ ಎಳೆದ್ರೆ ಕೇಬಲ್ ಹರಿಯುತ್ತೆ. ಇಷ್ಟಾದ ಮೇಲೆ ಮದರ್‌ಬೋರ್ಡೇ ಹೊರಗೆ ಬರ್ಬೇಕು. ಅದರಡಿ ಲೋಹದ ತಗಡು, ತಗಡಿನಡಿ ಕೀಬೋರ್ಡ್. ಆ ತಗಡನ್ನ ಹಿಡಿದಿರೋದು ಸ್ಕ್ರೂ ಅಲ್ಲ, ಕರಗಿಸಿ ಚಪ್ಪಟೆ ಮಾಡಿದ ಪ್ಲಾಸ್ಟಿಕ್ ಗುಬ್ಬಿಗಳು. ಒಂದೊಂದನ್ನೂ ಕೆತ್ತಿ ತೆಗೆದ್ರೆ ಮತ್ತೆ ಹಿಡಿದಿಡೋಕೆ ಏನೂ ಉಳಿಯಲ್ಲ. ಹಾಗಾಗಿ ಒಂದು ಕೀ ಕೆಟ್ಟಿದ್ದಕ್ಕೆ ಮೇಲಿನ ಕವರ್ ಪೂರ್ತಿ ಕೊಳ್ಳೋ ಪರಿಸ್ಥಿತಿ. ಹಳೇ ಥಿಂಕ್‌ಪ್ಯಾಡ್‌ಗಳಲ್ಲಿ ಅಡಿಯಿಂದ ಕೆಲವು ಸ್ಕ್ರೂ ಬಿಚ್ಚಿದ್ರೆ ಕೀಬೋರ್ಡ್ ಮೇಲಿಂದಲೇ ಎದ್ದು ಬರ್ತಿತ್ತು. ಗೊತ್ತಿದ್ದ ವಿದ್ಯೆನೇ ಕೈಬಿಟ್ರಲ್ಲ ಅನ್ನೋದು ನನ್ನ ನೋವು.

ಚಾರ್ಜಿಂಗ್ ಪೋರ್ಟ್‌ದೂ ಇದೇ ಕಥೆ. ಬೇರೆ ಚಿಕ್ಕ ಬೋರ್ಡ್ ಮೇಲಿದ್ರೆ ಅದನ್ನಷ್ಟೇ ಬದಲಾಯಿಸಬಹುದು. ಮದರ್‌ಬೋರ್ಡಿಗೇ ಸೋಲ್ಡರ್ ಆಗಿದ್ರೆ ಚಿಪ್ ಲೆವೆಲ್ ಕೆಲಸ ಬರೋರೇ ಬೇಕು.

ತೆಳ್ಳಗೆ ಬೇಕು ಅಂದ್ರೆ ಇದೆಲ್ಲ ಅನಿವಾರ್ಯ ಅಂತಾರೆ. ಮೈಕ್ರೋಸಾಫ್ಟ್ ಸರ್ಫೇಸ್ ಲ್ಯಾಪ್‌ಟಾಪ್ ನೋಡಿ. 2017ರ ಮೊದಲ ಮಾಡೆಲ್ ಬಿಚ್ಚೋಕೆ ಕೀಬೋರ್ಡ್ ಸುತ್ತಲಿನ ಬಟ್ಟೆನೇ ಕಿತ್ತು ಹಾಕ್ಬೇಕಿತ್ತು, ಐಫಿಕ್ಸಿಟ್ ಕೊಟ್ಟಿದ್ದು 10ಕ್ಕೆ ಸೊನ್ನೆ. 2019ರ ಮೂರನೇ ಮಾಡೆಲ್‌ಗೆ 5 ಬಂತು, 2024ರ ಏಳನೆಯದಕ್ಕೆ 8. ಅದೇ ಕಂಪನಿ, ಅದೇ ಸಾಲು, ಈಗಲೂ ತೆಳ್ಳಗೇ ಇದೆ. ಡಿಸೈನ್ ಟೇಬಲ್ ಮೇಲೆ ಯಾರೋ ಬೇರೆ ನಿರ್ಧಾರ ಮಾಡಿದ್ರು, ಅಷ್ಟೇ ಬದಲಾಗಿದ್ದು. ಫ್ರೇಮ್‌ವರ್ಕ್ ಅಂತೂ 2021ರಲ್ಲಿ ಬಂದಾಗಿನಿಂದ ಡಬ್ಬಿಯಲ್ಲೇ ಸ್ಕ್ರೂಡ್ರೈವರ್ ಇಟ್ಟು ಕಳಿಸ್ತಿದೆ. ಅದರ ಒಳಗಿನ ಭಾಗಗಳ ಮೇಲೆ ಕ್ಯೂಆರ್ ಕೋಡ್ ಇರುತ್ತೆ, ಸ್ಕ್ಯಾನ್ ಮಾಡಿದ್ರೆ ಆ ಭಾಗದ ಮಾಹಿತಿ ತೆರೆಯುತ್ತೆ. ನಂತರ ಬಂದ ಹೊಸ ಮದರ್‌ಬೋರ್ಡ್‌ಗಳು ಆ ಮೊದಲ ಮಾಡೆಲ್‌ನ ಬಾಡಿಗೇ ಕೂರುತ್ವೆ.

ಸ್ಕ್ರೂ ಬಿಚ್ಚಿದ ಮಾತ್ರಕ್ಕೆ ಎಲ್ಲ ಆಯ್ತು ಅಂತಲ್ಲ, ಸಾಫ್ಟ್‌ವೇರ್ ಬೀಗಾನೂ ಇವೆ. ಹಿಂದೆ ಕೆಲವು ಲ್ಯಾಪ್‌ಟಾಪ್‌ಗಳ ಬಯಾಸ್ (ಆನ್ ಮಾಡಿದ ತಕ್ಷಣ ಮೊದಲು ಓಡೋ ಸಾಫ್ಟ್‌ವೇರ್), ತನ್ನ ಪಟ್ಟಿಯಲ್ಲಿ ಇಲ್ಲದ ವೈಫೈ ಕಾರ್ಡ್ ಹಾಕಿದ್ರೆ ಬೂಟ್ ಆಗೋಕೇ ಬಿಡ್ತಿರಲಿಲ್ಲ. ಅಸಲಿ ಭಾಗವನ್ನೇ ಹಾಕಿದ್ರೂ ಕಂಪನಿಯ ಒಪ್ಪಿಗೆ ಇಲ್ಲದೆ ಪೂರ್ತಿ ಕೆಲಸ ಮಾಡದ ಹಾಗೆ ಕಟ್ಟಿಹಾಕೋದನ್ನ ಅಮೆರಿಕದ ಒರೆಗಾನ್ ರಾಜ್ಯ 2024ರ ಕಾನೂನಿನಲ್ಲಿ ತಡೆದಿದೆ.

ಹೊಸದು ಕೊಳ್ಳೋರಿಗೆ ಒಂದು ಕೆಲಸ ಹೇಳ್ತೀನಿ. ಮಾಡೆಲ್ ಹೆಸರಿನ ಮುಂದೆ ಸರ್ವಿಸ್ ಮ್ಯಾನ್ಯುಯಲ್ ಅಂತ ಸೇರಿಸಿ ಹುಡುಕಿ. ಡೆಲ್, ಎಚ್‌ಪಿ, ಲೆನೊವೊ ತಮ್ಮ ಎಷ್ಟೋ ಮಾಡೆಲ್‌ಗಳಿಗೆ ಇದನ್ನ ಎಲ್ಲರಿಗೂ ಸಿಗೋ ಹಾಗೆ ಹಾಕಿರ್ತಾರೆ. ಬ್ಯಾಟರಿ ತೆಗೆಯೋ ಪುಟ ತೆಗೆದು, ಅದಕ್ಕೆ ಮುಂಚೆ ಏನೇನು ಬಿಚ್ಚಬೇಕು ಅಂತ ಬರೆದಿರೋದನ್ನ ನೋಡಿ. ಆಮೇಲೆ ಕೀಬೋರ್ಡ್ ಪುಟ. ಕೀಬೋರ್ಡನ್ನ ಬೇರೆ ಭಾಗವಾಗಿ ತೋರಿಸದೆ ಮೇಲಿನ ಕವರ್ ಜೊತೆಗೇ ಸೇರಿಸಿದ್ರೆ ವಿಷಯ ಅಲ್ಲೇ ಗೊತ್ತಾಗುತ್ತೆ. ಫ್ರಾನ್ಸ್‌ನಲ್ಲಿ 2021ರಿಂದ ಲ್ಯಾಪ್‌ಟಾಪ್ ಜೊತೆ 10ಕ್ಕೆ ಇಷ್ಟು ಅಂತ ರಿಪೇರಿ ಅಂಕ ತೋರಿಸೋದು ಕಡ್ಡಾಯ. ಬಿಚ್ಚೋದು ಎಷ್ಟು ಸುಲಭ ಅನ್ನೋದರ ಜೊತೆ ಬಿಡಿಭಾಗ ಸಿಗುತ್ತಾ, ಅದರ ಬೆಲೆ ಎಷ್ಟು ಅನ್ನೋದೂ ಅದರಲ್ಲಿ ಲೆಕ್ಕಕ್ಕೆ ಬರುತ್ತೆ. ನೀವು ಎಲ್ಲೇ ಇದ್ರೂ ಆ ಅಂಕ ಹುಡುಕಿ ನೋಡಬಹುದು.

ಹೊಸ ಬ್ಯಾಟರಿ ಕೂತಿದೆ, ಕನೆಕ್ಟರ್ ಹಾಕಿದ್ದೀನಿ, ಸ್ಕ್ರೂಗಳು ಹಾಳೆಯಿಂದ ಅವವುಗಳ ಜಾಗಕ್ಕೇ ಹೋದವು. ವಿಂಡೋಸ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆದ್ರೆ ಡಿಸೈನ್ ಕೆಪಾಸಿಟಿ (ಹೊಸದಾಗಿದ್ದಾಗ ಹಿಡಿಯಬೇಕಾದ ಚಾರ್ಜ್), ಫುಲ್ ಚಾರ್ಜ್ ಕೆಪಾಸಿಟಿ (ಈಗ ಹಿಡಿಯೋ ಚಾರ್ಜ್) ಎರಡೂ ಹೆಚ್ಚುಕಮ್ಮಿ ಒಂದೇ ತೋರಿಸ್ತಿವೆ, ಹೊಸದಕ್ಕೆ ಹಾಗೇ ಇರ್ಬೇಕು. ಹಳೇ ಬ್ಯಾಟರಿನ ಕಸದ ಬುಟ್ಟಿಗೆ ಮಾತ್ರ ಹಾಕ್ಬೇಡಿ. ಕನೆಕ್ಟರ್ ಮೇಲೆ ಟೇಪ್ ಸುತ್ತಿ, ಇ-ವೇಸ್ಟ್ ತಗೊಳ್ಳೋ ಕಡೆ ಕೊಟ್ಬಿಡಿ.