ಗ್ಯಾರೇಜಿನ ಕಿಟಕಿಗಳು: ಹೋಲ್ಡನ್ ಕಾಲ್‌ಫೀಲ್ಡನ ದುಃಖ

ಎಲ್ಲರಿಗೂ ನಮಸ್ಕಾರ.

1946ರ ಜುಲೈ 18. ಅಮೆರಿಕದ ಲೇಖಕ ಜೆ. ಡಿ. ಸಾಲಿಂಜರ್ ಅವರ ‘ದಿ ಕ್ಯಾಚರ್ ಇನ್ ದ ರೈ’ ಕಾದಂಬರಿಯ ನಿರೂಪಕ ಹೋಲ್ಡನ್ ಕಾಲ್‌ಫೀಲ್ಡ್ ಕೊಡುವ ದಿನಾಂಕ ಇದು. ಎಲ್ಲಿ ಹುಟ್ಟಿದೆ, ಬಾಲ್ಯ ಹೇಗಿತ್ತು, ಅಪ್ಪ ಅಮ್ಮ ಏನು ಮಾಡುತ್ತಿದ್ದರು, ಇದನ್ನೆಲ್ಲ ಹೇಳಲು ನನಗೆ ಮನಸ್ಸಿಲ್ಲ ಎಂದು ಮೊದಲ ವಾಕ್ಯದಲ್ಲೇ ಮುಖ ತಿರುಗಿಸುವ ಹುಡುಗ ಈ ಒಂದು ದಿನವನ್ನು ಮಾತ್ರ ತಿಂಗಳು, ವರ್ಷದ ಸಮೇತ ಹೇಳುತ್ತಾನೆ. ಅವತ್ತು ಮೇಯ್ನ್ ರಾಜ್ಯದಲ್ಲಿ ಅವನ ತಮ್ಮ ಆ್ಯಲಿ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. ಹೋಲ್ಡನ್‌ಗೆ ಆಗ ಹದಿಮೂರು, ಆ್ಯಲಿ ಅವನಿಗಿಂತ ಎರಡು ವರ್ಷ ಚಿಕ್ಕವನು.

ಈ ಕಾದಂಬರಿ ಪ್ರಕಟವಾದದ್ದು 1951ರಲ್ಲಿ. ಅಂದಿನಿಂದ ಇದಕ್ಕೆ ಅಂಟಿಕೊಂಡಿರುವ ಹೆಸರು, ಇದು ಸಿಟ್ಟಿನ ಹುಡುಗನೊಬ್ಬನ ಬಂಡಾಯದ ಪುಸ್ತಕ ಎಂಬುದು. ನಾಲ್ಕನೆಯ ಶಾಲೆಯಿಂದಲೂ ಹೊರಬಿದ್ದವನು, ಸಿಗರೇಟು ಸೇದುವವನು, ವಯಸ್ಸಿನ ಬಗ್ಗೆ ಸುಳ್ಳು ಹೇಳಿ ಮದ್ಯ ಕೇಳುವವನು, ಕಂಡವರನ್ನೆಲ್ಲ ಸೋಗಲಾಡಿಗಳು ಎನ್ನುವವನು. ಇದೆಲ್ಲ ನಿಜವೇ. ಆದರೆ ಹಾಗೆ ಓದಿದರೆ ಪುಸ್ತಕದ ಅರ್ಧ ನಮ್ಮ ಕೈತಪ್ಪಿ ಹೋಗುತ್ತದೆ. ನನ್ನ ಮಟ್ಟಿಗೆ ಇದು ಸಾವಿನ ಸೂತಕ ಕಳೆಯದ ಪುಸ್ತಕ. ಹೋಲ್ಡನ್ ಬೈಯುವ ಪ್ರತಿ ಬೈಗುಳದ ಅಡಿಯಲ್ಲೂ ಅಳಲಾಗದೆ ಉಳಿದ ಒಂದು ಅಳು ಇದೆ.

ಆ್ಯಲಿಯ ವಿಷಯ ನಮಗೆ ತಿಳಿಯುವುದು ಹೇಗೆ ನೋಡಿ. ಹೋಲ್ಡನ್ ತಾನಾಗಿ ಹೇಳುವುದಿಲ್ಲ. ಕೋಣೆಯ ಜೊತೆಗಾರ ಸ್ಟ್ರಾಡ್‌ಲೇಟರ್ ತನಗೊಂದು ಪ್ರಬಂಧ ಬರೆದುಕೊಡು, ಕೋಣೆಯೋ ಮನೆಯೋ ಏನಾದರೊಂದರ ವರ್ಣನೆಯಾದರೆ ಸಾಕು ಅನ್ನುತ್ತಾನೆ. ಹೋಲ್ಡನ್‌ಗೆ ಯಾವ ಕೋಣೆಯೂ ಹೊಳೆಯುವುದಿಲ್ಲ. ಅವನು ತಮ್ಮನ ಬೇಸ್‌ಬಾಲ್ ಕೈಗವಸಿನ ಬಗ್ಗೆ ಬರೆಯುತ್ತಾನೆ. ಎಡಗೈ ಆಟಗಾರನಾಗಿದ್ದ ಆ್ಯಲಿ ಆ ಕೈಗವಸಿನ ತುಂಬ ಹಸಿರು ಶಾಯಿಯಲ್ಲಿ ಕವಿತೆಗಳನ್ನು ಬರೆದುಕೊಂಡಿದ್ದ. ಮೈದಾನದಲ್ಲಿ ಚೆಂಡು ಬರುವವರೆಗೆ ಸುಮ್ಮನೆ ನಿಲ್ಲಬೇಕಲ್ಲ, ಆಗ ಓದಿಕೊಳ್ಳಲು. ಹೋಲ್ಡನ್ ಪೆಟ್ಟಿಗೆಯಿಂದ ಅದನ್ನು ತೆಗೆದು, ಕವಿತೆಗಳನ್ನು ನೋಡಿಕೊಂಡು, ಒಂದು ಗಂಟೆ ಕೂತು ಬರೆಯುತ್ತಾನೆ. ವಾಪಸು ಬಂದ ಸ್ಟ್ರಾಡ್‌ಲೇಟರ್, ಇದೆಂಥದು, ಹೇಳಿದ ಒಂದು ಕೆಲಸವನ್ನೂ ನೆಟ್ಟಗೆ ಮಾಡುವುದಿಲ್ಲವಲ್ಲ ಎಂದು ರೇಗುತ್ತಾನೆ. ಹೋಲ್ಡನ್ ಮಾತಾಡದೆ ಹಾಳೆಯನ್ನು ಹರಿದು ಹಾಕುತ್ತಾನೆ. ದುಃಖವನ್ನು ಹಂಚಿಕೊಳ್ಳಲು ಅವನು ಮಾಡಿದ ಒಂದು ಪ್ರಯತ್ನ ಹೀಗೆ ಚೂರುಚೂರಾಗುತ್ತದೆ. ಆ ರಾತ್ರಿ ಅವರಿಬ್ಬರ ನಡುವೆ ನಡೆಯುವ ಹೊಡೆದಾಟಕ್ಕೆ ಜೇನ್ ಎಂಬ ಹುಡುಗಿ ಕಾರಣ ಎನ್ನುತ್ತಾರೆ. ಹೌದು. ಆದರೆ ಆ ಹರಿದ ಹಾಳೆಯೂ ಕಾರಣ ಎಂದು ನಾನು ಸೇರಿಸುತ್ತೇನೆ.

ಈಗ ಗ್ಯಾರೇಜಿನ ರಾತ್ರಿಗೆ ಬರೋಣ. ತಮ್ಮ ಸತ್ತ ರಾತ್ರಿ ಹೋಲ್ಡನ್ ಗ್ಯಾರೇಜಿನಲ್ಲಿ ಮಲಗಿ, ಅಲ್ಲಿನ ಕಿಟಕಿ ಗಾಜುಗಳನ್ನೆಲ್ಲ ಬರಿಗೈ ಮುಷ್ಟಿಯಿಂದ ಒಡೆದು ಹಾಕುತ್ತಾನೆ. ಕಾರಿನ ಗಾಜನ್ನೂ ಒಡೆಯಲು ಹೋಗುತ್ತಾನೆ, ಅಷ್ಟರಲ್ಲಿ ಕೈ ಮುರಿದಿರುತ್ತದೆ. ಇದು ತಿಳಿಗೇಡಿ ಕೆಲಸ ಎಂದು ಅವನೇ ಒಪ್ಪುತ್ತಾನೆ. ಆಮೇಲೆ ಒಂದು ಮಾತು ಸೇರಿಸುತ್ತಾನೆ: ನಿಮಗೆ ಆ್ಯಲಿ ಗೊತ್ತಿರಲಿಲ್ಲ. ಇಷ್ಟಕ್ಕೆ ಹೆತ್ತವರ ಉತ್ತರ ಏನು? ಹುಡುಗನನ್ನು ಮನೋವಿಶ್ಲೇಷಕರ ಬಳಿ ಕಳಿಸಬೇಕು ಎಂಬ ಆಲೋಚನೆ. ಅವನ ಪಕ್ಕದಲ್ಲಿ ಕೂತು ಯಾರಾದರೂ ಅತ್ತರೇ? ಕಾದಂಬರಿಯಲ್ಲಿ ಅದರ ಸುಳಿವಿಲ್ಲ. ತಾಯಿಯನ್ನು ದೂರುವುದಕ್ಕೂ ಬಾಯಿ ಬಾರದು. ಆಕೆಯೂ ಆ್ಯಲಿಯ ಸಾವಿನಿಂದ ಚೇತರಿಸಿಕೊಂಡಿಲ್ಲ, ರಾತ್ರಿಯೆಲ್ಲ ನಿದ್ದೆಯಿಲ್ಲದೆ ಸಿಗರೇಟು ಸೇದುತ್ತಾಳೆ. ಒಂದೇ ಮನೆಯಲ್ಲಿ ತಾಯಿ ಒಂದು ಕಡೆ, ಮಗ ಒಂದು ಕಡೆ, ಇಬ್ಬರೂ ಒಂದೇ ಮಗುವಿಗಾಗಿ ಬೇರೆ ಬೇರೆಯಾಗಿ ನರಳುತ್ತಾರೆ.

ಇದಕ್ಕಿಂತ ಮುಖ್ಯವಾದ ಸಂಗತಿಯೊಂದು ಬಹಳ ತಡವಾಗಿ, ಶಾಲೆ ಬಿಟ್ಟು ಬಂದು ನ್ಯೂಯಾರ್ಕಿನಲ್ಲಿ ಅಲೆಯುತ್ತಾ ಸೆಂಟ್ರಲ್ ಪಾರ್ಕಿನ ಚಳಿಯಲ್ಲಿ ಅವನು ಕೂತಿದ್ದಾಗ, ಹೊರಬೀಳುತ್ತದೆ. ತಮ್ಮನ ಅಂತ್ಯಕ್ರಿಯೆಗೆ ಹೋಲ್ಡನ್ ಹೋಗಲೇ ಇಲ್ಲ. ಮುರಿದ ಕೈಯೊಂದಿಗೆ ಆಸ್ಪತ್ರೆಯಲ್ಲಿದ್ದ. ಕೊನೆಯ ಬಾರಿ ಮುಖ ನೋಡುವುದು, ಮಣ್ಣು ಮಾಡುವುದು, ನಾಲ್ಕು ಜನರ ನಡುವೆ ಅಳುವುದು, ಯಾವುದೂ ಅವನಿಗೆ ಸಿಗಲಿಲ್ಲ. ಆಮೇಲೆ ಸಮಾಧಿಗೆ ಹೋದಾಗ ಮಳೆ ಬರುತ್ತದೆ. ಬಂದವರೆಲ್ಲ ಕಾರುಗಳತ್ತ ಓಡುತ್ತಾರೆ, ರೇಡಿಯೋ ಹಾಕಿಕೊಳ್ಳಬಹುದು, ಎಲ್ಲಾದರೂ ಊಟಕ್ಕೆ ಹೋಗಬಹುದು. ಆ್ಯಲಿಗೆ ಮಾತ್ರ ಹಾಗೆ ಹೋಗಲಾಗದು. ಆ ಯೋಚನೆಯೇ ಹೋಲ್ಡನ್‌ಗೆ ತಡೆಯಲಾಗುವುದಿಲ್ಲ. ಕೊಳ ಹೆಪ್ಪುಗಟ್ಟಿದಾಗ ಬಾತುಕೋಳಿಗಳು ಎಲ್ಲಿಗೆ ಹೋಗುತ್ತವೆ ಎಂದು ಟ್ಯಾಕ್ಸಿ ಚಾಲಕರನ್ನು ಅವನು ಪೀಡಿಸುವುದನ್ನು ಹುಡುಗಾಟ ಎಂದುಕೊಂಡವರು ಆ ಮಳೆಯ ಪುಟವನ್ನು ಜೊತೆಗಿಟ್ಟು ಓದಬೇಕು. ಅವನ ಪ್ರಶ್ನೆ ಹಕ್ಕಿಗಳದ್ದಲ್ಲ.

ದುಃಖದ ಜೊತೆಗೆ ತಪ್ಪಿತಸ್ಥ ಭಾವವೂ ಇದೆ. ಮನಸ್ಸು ತೀರ ಕುಸಿದಾಗ ಹೋಲ್ಡನ್ ಸತ್ತ ತಮ್ಮನ ಜೊತೆ ಗಟ್ಟಿಯಾಗಿ ಮಾತಾಡುತ್ತಾನೆ. ಹೇಳುವುದು ಒಂದೇ: ಹೋಗಿ ಸೈಕಲ್ ತಗೊಂಡು ಬಾ, ಬಾಬಿ ಮನೆಯ ಮುಂದೆ ಸಿಗು. ಹಿಂದೊಮ್ಮೆ ಗೆಳೆಯ ಬಾಬಿಯ ಜೊತೆ ಹೊರಟಾಗ ಆ್ಯಲಿ ತಾನೂ ಬರುತ್ತೇನೆ ಎಂದಿದ್ದ, ನೀನಿನ್ನೂ ಚಿಕ್ಕವನು ಎಂದು ಹೋಲ್ಡನ್ ಬಿಟ್ಟು ಹೋಗಿದ್ದ. ಆ್ಯಲಿ ಬೇಸರ ಕೂಡ ಮಾಡಿಕೊಂಡಿರಲಿಲ್ಲ. ಎಷ್ಟು ಸಣ್ಣ ವಿಷಯ! ಎಲ್ಲ ಅಣ್ಣಂದಿರೂ ಮಾಡುವುದೇ. ಆದರೆ ಬದುಕಿರುವ ತಮ್ಮನಿಗೆ ನಾಳೆ ಬಾ ಅನ್ನಬಹುದು. ಸತ್ತವನಿಗೆ ಅನ್ನಲಾಗದು, ಹಾಗಾಗಿ ಹೋಲ್ಡನ್ ಅದೇ ಮಧ್ಯಾಹ್ನವನ್ನು ಮತ್ತೆ ಮತ್ತೆ ತಿದ್ದಲು ನೋಡುತ್ತಾನೆ. ಇಡೀ ಪುಸ್ತಕದಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವ ಭಾಗ ಇದೇ.

ಹಾಗಾದರೆ ಮುಗ್ಧತೆ ಕಳೆದುಕೊಂಡದ್ದು ಯಾವಾಗ? ನ್ಯೂಯಾರ್ಕಿನ ಆ ಚಳಿಗಾಲದ ದಿನಗಳಲ್ಲಿ, ಹೋಟೆಲು, ಬಾರು, ವೇಶ್ಯೆಯ ಭೇಟಿ ಇವುಗಳಲ್ಲಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಆ ಹುಡುಗಿಯೊಂದಿಗೆ ಬರೀ ಮಾತಾಡೋಣ ಎನ್ನುವಷ್ಟು ಎಳೆಯ ಮನಸ್ಸು ಅವನಲ್ಲಿ ಇನ್ನೂ ಉಳಿದಿದೆ. ಕಳೆದದ್ದು ಮೂರು ವರ್ಷ ಹಿಂದೆಯೇ, ಒಳ್ಳೆಯವರಿಗೆ ಕೆಟ್ಟದಾಗುವುದಿಲ್ಲ ಎಂಬ ನಂಬಿಕೆ ಗ್ಯಾರೇಜಿನ ಗಾಜಿನ ಜೊತೆ ಒಡೆದಾಗ. ಆಮೇಲೆ ಎಲ್ಕ್‌ಟನ್ ಹಿಲ್ಸ್ ಶಾಲೆಯಲ್ಲಿ ಜೇಮ್ಸ್ ಕ್ಯಾಸಲ್ ಎಂಬ ಸಹಪಾಠಿ, ಆಡಿದ ಮಾತನ್ನು ಹಿಂತೆಗೆಯಲೊಪ್ಪದೆ ಕಿಟಕಿಯಿಂದ ಹಾರಿ ಸತ್ತ. ಅವನ ಮೈಮೇಲಿದ್ದದ್ದು ಹೋಲ್ಡನ್ ಕೊಟ್ಟಿದ್ದ ಸ್ವೆಟರ್.

ಇದನ್ನು ನೆನಪಿಟ್ಟರೆ ಪುಸ್ತಕಕ್ಕೆ ಹೆಸರು ಕೊಟ್ಟ ಕನಸು ಬೇರೆಯಾಗಿ ಕಾಣುತ್ತದೆ. ರೈ ಎಂಬ ಧಾನ್ಯದ ಹೊಲದಲ್ಲಿ ಸಾವಿರಾರು ಮಕ್ಕಳು ಆಡುತ್ತಿರುತ್ತಾರೆ, ಪಕ್ಕದಲ್ಲೇ ಪ್ರಪಾತ, ಅಂಚಿಗೆ ಓಡಿ ಬರುವ ಮಕ್ಕಳನ್ನು ಹಿಡಿದುಕೊಳ್ಳುವುದು ತನ್ನ ಕೆಲಸ ಎಂದು ಅವನು ಹತ್ತು ವರ್ಷದ ತಂಗಿ ಫೀಬಿಗೆ ಹೇಳುತ್ತಾನೆ. ಬಾಲ್ಯದ ಬಗೆಗಿನ ಸುಂದರ ಕಲ್ಪನೆ ಎಂದು ಇದನ್ನು ಹೊಗಳುವುದುಂಟು. ನನಗೆ ಕಾಣುವುದು, ಬಿದ್ದ ಒಬ್ಬನನ್ನು ಹಿಡಿಯಲಾಗದವನು ಇನ್ನುಳಿದ ಎಲ್ಲರನ್ನೂ ಹಿಡಿಯುತ್ತೇನೆಂದು ಹೊರಟಿರುವುದು. ಸ್ವಲ್ಪ ಮುಂಚೆ ಫೀಬಿ, ನಿನಗೆ ಇಷ್ಟವಾದದ್ದು ಒಂದನ್ನಾದರೂ ಹೇಳು ಎಂದಾಗ ಅವನ ಬಾಯಿಂದ ಬಂದ ಹೆಸರು ಆ್ಯಲಿ. ಆ್ಯಲಿ ಸತ್ತಿದ್ದಾನೆ ಎನ್ನುತ್ತಾಳೆ ಆಕೆ. ಗೊತ್ತು, ಸತ್ತ ಮಾತ್ರಕ್ಕೆ ಇಷ್ಟಪಡುವುದನ್ನು ಬಿಟ್ಟುಬಿಡಬೇಕೇ ಎನ್ನುತ್ತಾನೆ ಈತ.

ಸಾಲಿಂಜರ್ ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದವರು. 1944ರ ಜೂನ್ 6ರಂದು ನಾರ್ಮಂಡಿಯ ಯೂಟಾ ಕಡಲತೀರದಲ್ಲಿ ಇಳಿದವರಲ್ಲಿ ಒಬ್ಬರು, 1945ರಲ್ಲಿ ಮನಸ್ಸು ಜರ್ಝರಿತವಾಗಿ ನ್ಯೂರೆಂಬರ್ಗಿನಲ್ಲಿ ಆಸ್ಪತ್ರೆ ಸೇರಿದವರು. ಆದರೂ ಕಾದಂಬರಿಯಲ್ಲಿ ರಣರಂಗದ ದೃಶ್ಯವಿಲ್ಲ. ಲೇಖಕರ ಬದುಕನ್ನಿಟ್ಟುಕೊಂಡು ಕೃತಿಯನ್ನು ವಿವರಿಸುವ ಅಭ್ಯಾಸ ನನಗೆ ಅಷ್ಟು ಹಿಡಿಸುವುದಿಲ್ಲ. ಸಾವನ್ನು ಹತ್ತಿರದಿಂದ ಕಂಡವರು ಅದನ್ನು ಒಬ್ಬ ಹುಡುಗನ ಒಂದು ಕೈಗವಸಿನಷ್ಟು ಚಿಕ್ಕದಾಗಿ ಇಟ್ಟರು ಎಂಬುದಷ್ಟೇ ನನಗೆ ಮುಖ್ಯ.

ಕೊನೆಯದಾಗಿ ನಿರೂಪಣೆಯ ಬಗ್ಗೆ. ಹೋಲ್ಡನ್ ಭಾಷಣದ ತರಗತಿಯೊಂದರಲ್ಲಿ ಫೇಲಾಗಿದ್ದಾನೆ. ಅಲ್ಲಿ ಮಾತಾಡುವವನು ವಿಷಯ ಬಿಟ್ಟು ಸರಿದರೆ ಉಳಿದವರು ಕೂಗಬೇಕು. ಒಬ್ಬ ಹುಡುಗ ಅಪ್ಪನ ಹೊಲದ ಬಗ್ಗೆ ಶುರುಮಾಡಿ, ಪೋಲಿಯೋ ತಗುಲಿದ ಚಿಕ್ಕಪ್ಪನತ್ತ ಹೊರಳುತ್ತಾನೆ. ತರಗತಿ ಕೂಗುತ್ತದೆ, ಹೋಲ್ಡನ್‌ಗೆ ಮಾತ್ರ ಆ ಚಿಕ್ಕಪ್ಪನ ಕಥೆಯೇ ಇಷ್ಟ. ದುಃಖ ಇರುವವರು ಮಾತಾಡುವುದೇ ಹೀಗೆ. ಹೊಲದಿಂದ ಹೊರಟು, ಎಲ್ಲೆಲ್ಲೋ ಸುತ್ತಿ, ನೋವಿರುವಲ್ಲಿಗೆ ಬಂದು ನಿಲ್ಲುತ್ತಾರೆ. ಕಾದಂಬರಿಯೂ ಹಾಗೇ ನಡೆಯುತ್ತದೆ. ಕೊನೆಯ ಪುಟದಲ್ಲಿ ಹೋಲ್ಡನ್, ಯಾರಿಗೂ ಏನನ್ನೂ ಹೇಳಬೇಡಿ, ಹೇಳಿದರೆ ಎಲ್ಲರೂ ನೆನಪಾಗತೊಡಗುತ್ತಾರೆ ಎನ್ನುತ್ತಾನೆ. ಹೊಡೆದಾಡಿದ ಸ್ಟ್ರಾಡ್‌ಲೇಟರ್ ಕೂಡ ಅವನಿಗೆ ಈಗ ಬೇಕಾಗಿದ್ದಾನೆ. ಇದನ್ನು ಸೋಲು ಎಂದು ಓದುವವರಿದ್ದಾರೆ. ಆ್ಯಲಿಯೊಬ್ಬನನ್ನೇ ಹಂಬಲಿಸುತ್ತಿದ್ದವನು ಬದುಕಿರುವವರನ್ನೂ ಹಂಬಲಿಸತೊಡಗಿದ್ದಾನಲ್ಲ, ನನಗೆ ಅದು ಸೋಲಾಗಿ ಕಾಣುವುದಿಲ್ಲ.