ಕಂಪನಿ ಕೊಡೋ ಕೌನ್ಸೆಲಿಂಗ್: ಮೊದಲು ಕೇಳಿ, ಆಮೇಲೆ ಹೇಳಿ

ನಮಸ್ಕಾರ. ಇವತ್ತು ಪಿಎಫ್ ಬಗ್ಗೆ ಮಾತಾಡ್ತೀನಿ ಅಂದಿದ್ದೆ, ಅದು ಮುಂದಿನ ವಾರಕ್ಕಿರಲಿ. ಕಳೆದ ಸಂಚಿಕೆ ಕೆಳಗೆ ಬಂದಿರೋ ಒಂದು ಕಾಮೆಂಟ್ ನೋಡಿದ ಮೇಲೆ ಇದನ್ನ ಮಾತಾಡದೆ ಇರೋಕಾಗಲ್ಲ.

"ಕಂಪನಿ ಕೊಡೋ ಕೌನ್ಸೆಲಿಂಗಾ? ಮಧ್ಯಾಹ್ನ ಹೇಳಿದ್ದು ಸಂಜೆ ಹೊತ್ತಿಗೆ ಎಚ್‌ಆರ್ ಟೇಬಲ್ ಮೇಲಿರುತ್ತೆ. ಬಾಯಿ ಮುಚ್ಕೊಂಡಿರೋದೇ ಕ್ಷೇಮ." ಇದಕ್ಕೆ ಲೈಕ್ ಮೇಲೆ ಲೈಕ್. ಅದರ ಕೆಳಗೇ ಇನ್ನೊಬ್ಬರ ಉತ್ತರ: "ಹಾಗೇನಿಲ್ಲ, ನೂರಕ್ಕೆ ನೂರು ಕಾನ್ಫಿಡೆನ್ಷಿಯಲ್. ಧೈರ್ಯವಾಗಿ ಎಲ್ಲಾ ಹೇಳ್ಕೊಳ್ಳಿ."

ಎರಡೂ ತಪ್ಪು. ಮೊದಲನೆಯವರ ಮಾತು ನಂಬಿದವರು ಪ್ರಾಣಕ್ಕೆ ಬಂದಾಗಲೂ ಫೋನ್ ಮಾಡಲ್ಲ. ಎರಡನೆಯವರ ಮಾತು ನಂಬಿದವರು ಬೇಲಿ ಎಲ್ಲಿದೆ ಅಂತ ನೋಡದೆ ಹೋಗಿ ಮುಳ್ಳು ತುಳೀತಾರೆ. ಗುಟ್ಟು ಅನ್ನೋದು ಇದೆ ಅಥವಾ ಇಲ್ಲ ಅಂತ ಎರಡೇ ಮಾತಲ್ಲಿ ಮುಗಿಯೋ ವಿಷಯ ಅಲ್ಲ. ಅದಕ್ಕೊಂದು ಗಡಿ ಇದೆ. ಆ ಗಡಿ ಎಲ್ಲಿದೆ ಅಂತ ಕೇಳಿ, ಆಮೇಲೆ ಹೇಳಿ. ಇವತ್ತು ನಾನು ಹೇಳೋದು ಇದೊಂದೇ ಮಾತು.

ಕಂಪನಿ ದುಡ್ಡಲ್ಲಿ ಸಿಗೋ ಈ ಕೌನ್ಸೆಲಿಂಗ್ ಸೌಲಭ್ಯದ ಹೆಸರು ಇಎಪಿ, ಎಂಪ್ಲಾಯೀ ಅಸಿಸ್ಟೆನ್ಸ್ ಪ್ರೋಗ್ರಾಂ. ಬೆಂಗಳೂರಿನ ಬಹಳಷ್ಟು ಐಟಿ ಕಂಪನಿ, ಬ್ಯಾಂಕ್, ಬಿಪಿಒಗಳಲ್ಲಿ ಇದೆ. ಸೇರಿದ ದಿನ ಇಂಡಕ್ಷನ್‌ನಲ್ಲಿ ಒಂದು ಸ್ಲೈಡ್ ತೋರಿಸ್ತಾರೆ, ಅವತ್ತು ಲ್ಯಾಪ್‌ಟಾಪ್ ಕೊಟ್ರಾ ಇಲ್ವಾ ಅನ್ನೋ ಗಡಿಬಿಡಿಯಲ್ಲಿ ಯಾರೂ ನೋಡಲ್ಲ. ಸಾಮಾನ್ಯವಾಗಿ ಕೌನ್ಸೆಲರ್ ನಿಮ್ಮ ಕಂಪನಿ ನೌಕರರಲ್ಲ. ಹೊರಗಿನ ಸಂಸ್ಥೆ ಜೊತೆ ಕಂಪನಿ ಒಪ್ಪಂದ ಮಾಡ್ಕೊಂಡಿರುತ್ತೆ. ದುಡ್ಡು ಕೊಡೋದು ಎರಡು ಥರ. ತಲೆಗಿಷ್ಟು ಅಂತ ವರ್ಷಕ್ಕೆ ಒಂದೇ ಮೊತ್ತ ಕಟ್ಟೋದು ಒಂದು, ಆಗ ಬಿಲ್ಲಿಗೆ ನಿಮ್ಮ ಹೆಸರಿನ ಅಗತ್ಯವೇ ಇಲ್ಲ. ಸೆಷನ್ ಲೆಕ್ಕದಲ್ಲಿ ಕೊಡೋದು ಇನ್ನೊಂದು, ಅಲ್ಲಿ ಬಿಲ್ ಹೋಗುತ್ತೆ. ಅದರಲ್ಲಿ ಹೆಸರಿರುತ್ತಾ, ಕೋಡ್ ಇರುತ್ತಾ? ಕೇಳಿ.

ಇನ್ನು ಕೆಲವು ಕಡೆ ಕೌನ್ಸೆಲರ್ ಕ್ಯಾಂಪಸ್ ಒಳಗೇ ಕೂತಿರ್ತಾರೆ, ಕಂಪನಿ ಸಂಬಳದಲ್ಲೇ ಇರ್ತಾರೆ. ಅವರು ಬರೆದ ನೋಟ್ಸ್ ಯಾರ ಕಂಪ್ಯೂಟರ್‌ನಲ್ಲಿರುತ್ತೆ? ಇದನ್ನೂ ಕೇಳಿ. ಇನ್ನು ಗಾರ್ಮೆಂಟ್ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡೋ ಅಕ್ಕಂದಿರು ತುಂಬಾ ಜನ ನಮ್ಮನ್ನ ನೋಡ್ತೀರಿ. ನಿಮಗೆ ಒಂದು ಮಾತು: ಕಾನೂನು ಪ್ರಕಾರ ದೊಡ್ಡ ಫ್ಯಾಕ್ಟರಿಗಳಲ್ಲಿ ವೆಲ್ಫೇರ್ ಆಫೀಸರ್ ಇರಲೇಬೇಕು. ಆದ್ರೆ ಅವರು ಕೌನ್ಸೆಲರ್ ಅಲ್ಲ. ಅವರಿಗೆ ಹೇಳಿದ್ದು ಕೌನ್ಸೆಲಿಂಗ್ ಅನ್ನಿಸಿಕೊಳ್ಳಲ್ಲ. ಇಬ್ಬರನ್ನೂ ಒಂದೇ ಅಂದ್ಕೋಬೇಡಿ.

ಸರಿ, ಫೋನ್ ಮಾಡಿದ್ರಿ. ಆ ಕಡೆ ಮೊದಲು ಎತ್ತೋದು ಬಹಳ ಕಡೆ ಕೌನ್ಸೆಲರ್ ಅಲ್ಲ, ಅಪಾಯಿಂಟ್‌ಮೆಂಟ್ ಕೊಡೋರು. ಜನ ಇದು ಗೊತ್ತಿಲ್ಲದೆ ಅವರ ಮುಂದೆಯೇ ಹತ್ತು ನಿಮಿಷ ಅತ್ತು ಎಲ್ಲಾ ಹೇಳ್ಕೊಂಡು, ಆಮೇಲೆ "ಕೌನ್ಸೆಲರ್‌ಗೆ ಕನೆಕ್ಟ್ ಮಾಡ್ತೀವಿ" ಅಂದಾಗ ಮತ್ತೆ ಮೊದಲಿಂದ ಹೇಳೋ ಶಕ್ತಿ ಇಲ್ಲದೆ ಫೋನ್ ಇಟ್ಟುಬಿಡ್ತಾರೆ. ಅಲ್ಲಿ ಒಂದೇ ವಾಕ್ಯ ಸಾಕು: "ನಿದ್ದೆ ಬರ್ತಿಲ್ಲ, ಮನೆಯಲ್ಲಿ ಸಮಸ್ಯೆ ಇದೆ, ಮಾತಾಡಬೇಕು." ಅವರು ಹೆಸರು, ವಯಸ್ಸು, ಊರು, ಫೋನ್ ನಂಬರ್, ತುರ್ತಿನಲ್ಲಿ ಯಾರಿಗೆ ತಿಳಿಸಬೇಕು ಅಂತ ಕೇಳ್ತಾರೆ. ನಿಮಗೆ ನೀವೇ ಅಪಾಯ ಮಾಡ್ಕೊಳ್ಳೋ ಯೋಚನೆ ಬರ್ತಿದೆಯಾ ಅಂತಲೂ ಕೇಳ್ತಾರೆ. ಅದಕ್ಕೆ ಹೆದರಬೇಡಿ, ಎಲ್ಲರಿಗೂ ಕೇಳೋ ಪ್ರಶ್ನೆ ಅದು, ನಿಜವಾದ ಉತ್ತರ ಕೊಡಿ. ಎಂಪ್ಲಾಯೀ ಐಡಿ ಕೇಳಿದ್ರೆ ಮಾತ್ರ ತಿರುಗಿ ಕೇಳಿ: "ಯಾಕೆ? ಯಾರ ಹತ್ರ ಉಳಿಯುತ್ತೆ?" ಎಷ್ಟೋ ಸಂಸ್ಥೆಗಳಿಗೆ ಕಂಪನಿ ಹೆಸರು ಅಥವಾ ಕೋಡ್ ಸಾಕಾಗುತ್ತೆ.

ಅಲ್ಲೇ ಇನ್ನೊಂದು ಹೇಳಿ. "ನನಗೆ ಕನ್ನಡದಲ್ಲಿ ಮಾತಾಡೋರು ಬೇಕು." ಎರಡು ದಿನ ತಡ ಆದ್ರೂ ಪರವಾಗಿಲ್ಲ ಅನ್ನಿ. ಅಮ್ಮನ ಜೊತೆ ಆಗಿದ್ದ ಜಗಳವನ್ನ ಇಂಗ್ಲಿಷಲ್ಲಿ ಹೇಳೋಕೆ ಹೋದ್ರೆ ಆಫೀಸ್ ಮೇಲ್ ಓದಿದ ಹಾಗಿರುತ್ತೆ. "ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯ್ತು" ಅನ್ನೋದನ್ನ "ಐ ಫೆಲ್ಟ್ ಬ್ಯಾಡ್" ಅಂತ ಹೇಳಿ ಏನು ಪ್ರಯೋಜನ?

ಒಂದು ಸೆಷನ್ ಅಂದ್ರೆ 45ರಿಂದ 50 ನಿಮಿಷ. ಮೊದಲ ಸೆಷನ್ನಿನ ಒಳ್ಳೆ ಭಾಗ ಒಪ್ಪಿಗೆ ಪತ್ರ, ಹಿನ್ನೆಲೆ ಕೇಳೋದರಲ್ಲೇ ಹೋಗುತ್ತೆ. "ಮೊದಲ ದಿನ ಏನೂ ಪರಿಹಾರವೇ ಕೊಡಲಿಲ್ಲ" ಅಂತ ಬಿಟ್ಟುಬಿಡಬೇಡಿ. ಉಚಿತ ಸೆಷನ್‌ಗಳು ಸಾಮಾನ್ಯವಾಗಿ 3ರಿಂದ 8. ವರ್ಷಕ್ಕಾ, ಒಂದೊಂದು ಸಮಸ್ಯೆಗಾ? ಎರಡಕ್ಕೂ ಬಹಳ ವ್ಯತ್ಯಾಸ ಇದೆ. ಗಂಡ, ಹೆಂಡತಿ, ಮಕ್ಕಳಿಗೂ ಬಹಳ ಕಡೆ ಇದೇ ಸೌಲಭ್ಯ ಇರುತ್ತೆ, ಅದನ್ನೂ ವಿಚಾರಿಸಿ.

ಈಗ ಗುಟ್ಟಿನ ವಿಷಯ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23ನೇ ಸೆಕ್ಷನ್ ಗೌಪ್ಯತೆಯನ್ನ ಹಕ್ಕು ಅಂತಲೇ ಹೇಳುತ್ತೆ. ಅದೇ ಸೆಕ್ಷನ್ ವಿನಾಯಿತಿಗಳನ್ನೂ ಹೇಳುತ್ತೆ: ಜೀವಕ್ಕೆ ಅಪಾಯ ಇದ್ದಾಗ, ಇನ್ನೊಬ್ಬರಿಗೆ ಹಾನಿ ಆಗೋ ಹಾಗಿದ್ದಾಗ, ಹೈಕೋರ್ಟ್, ಸುಪ್ರೀಂ ಕೋರ್ಟ್ ಆದೇಶ ಮಾಡಿದಾಗ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಮಾತು ಬಂದ್ರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ತಿಳಿಸಲೇಬೇಕು, ತಿಳಿಸದೆ ಇರೋದೇ ಅಪರಾಧ. ವಕೀಲರಿಗೆ ಹೇಳಿದ್ದಕ್ಕೆ ಕೋರ್ಟಿನಲ್ಲಿರೋ ರಕ್ಷಣೆ ಕೌನ್ಸೆಲರ್‌ಗೆ ಹೇಳಿದ್ದಕ್ಕೆ ಇಲ್ಲ. ಮುಖ್ಯವಾದ ಮಾತು ಇನ್ನೊಂದಿದೆ. 2017ರ ಆ ಕಾಯ್ದೆ ಬರೆದಿರೋದು ಮಾನಸಿಕ ಕಾಯಿಲೆ ಇರೋರ ಚಿಕಿತ್ಸೆಯನ್ನ ಮನಸ್ಸಿನಲ್ಲಿಟ್ಕೊಂಡು. ಮ್ಯಾನೇಜರ್ ಕಾಟ, ಸಾಲ, ಗಂಡ ಹೆಂಡತಿ ಮನಸ್ತಾಪ ಅಂತ ಹೋದವರಿಗೆ ನಿಜವಾದ ಬೇಲಿ ಹಾಕೋದು ನೀವು ಓದದೆ ಟಿಕ್ ಹಾಕೋ ಆ ಒಪ್ಪಿಗೆ ಪತ್ರ. ಅದಕ್ಕೇ ಹೇಳ್ತಿರೋದು, ಕೇಳಿ, ಆಮೇಲೆ ಹೇಳಿ!

ಕಂಪನಿಗೆ ಏನು ಹೋಗುತ್ತೆ? ಲೆಕ್ಕದ ವರದಿ ಹೋಗುತ್ತೆ. ಎಷ್ಟು ಜನ ಬಳಸಿದ್ರು, ಹೆಂಗಸರೆಷ್ಟು, ಗಂಡಸರೆಷ್ಟು, ಯಾವ ಊರಿನ ಆಫೀಸು, ಯಾವ ಥರದ ಸಮಸ್ಯೆ. ಹೆಸರಿರಲ್ಲ. ಬೆಂಗಳೂರಿನ 5,000 ಜನರ ಕ್ಯಾಂಪಸ್‌ಗೆ ಇದರಿಂದ ತೊಂದರೆ ಇಲ್ಲ. ಆದ್ರೆ ಹುಬ್ಬಳ್ಳಿಯಲ್ಲಿ 12 ಜನರ ಆಫೀಸು, ಅದರಲ್ಲಿ ಹೆಣ್ಣುಮಗಳು ಒಬ್ಬರೇ ಅಂದ್ಕೊಳ್ಳಿ. "ಹುಬ್ಬಳ್ಳಿ, ಮಹಿಳೆ, ಒಂದು, ವೈವಾಹಿಕ ಸಮಸ್ಯೆ" ಅಂತ ಒಂದು ಸಾಲು ಬಂದ್ರೆ ಹೆಸರು ಬೇರೆ ಬರೀಬೇಕಾ? ಅದಕ್ಕೆ ಕೇಳಬೇಕಾದ ಪ್ರಶ್ನೆ: "ಎಷ್ಟು ಜನಕ್ಕಿಂತ ಕಡಿಮೆ ಇದ್ರೆ ವರದಿಯಲ್ಲಿ ಬೇರೆಯಾಗಿ ತೋರಿಸಲ್ಲ?" ಒಳ್ಳೆ ಸಂಸ್ಥೆ ಹತ್ರ ಇದಕ್ಕೆ ಉತ್ತರ ಸಿದ್ಧ ಇರುತ್ತೆ.

ನೀವಾಗಿ ಫೋನ್ ಮಾಡೋದು ಬೇರೆ, ಮ್ಯಾನೇಜರ್ ಕಳಿಸೋದು ಬೇರೆ. "ನಿನ್ನ ಕೆಲಸ ಯಾಕೋ ಕುಂಟುತ್ತಿದೆ, ಹೋಗಿ ಕೌನ್ಸೆಲರ್ ನೋಡು" ಅಂತ ಲಿಖಿತವಾಗಿ ಕಳಿಸಿದ್ರೆ ಅದು ಫಾರ್ಮಲ್ ರೆಫರಲ್. ಅಲ್ಲಿ ನಿಮ್ಮಿಂದ ಸಹಿ ಹಾಕಿಸಿಕೊಂಡು, ನೀವು ಬಂದ್ರಾ ಇಲ್ವಾ, ಎಷ್ಟು ಸಲ ಬಂದ್ರಿ ಅಂತ ಕಂಪನಿಗೆ ತಿಳಿಸೋದು ವಾಡಿಕೆ. ಒಳಗೆ ಏನು ಮಾತಾಡಿದ್ರಿ ಅನ್ನೋದು ಹೋಗಬಾರದು. ಸಹಿ ಮಾಡೋ ಮುಂಚೆ ಆ ಸಾಲಿನ ಮೇಲೆ ಬೆರಳಿಟ್ಟು ಓದಿ. "ಹಾಜರಾತಿ" ಅಂತ ಇದ್ರೆ ಅದೊಂದು ಮಾತು. "ಪ್ರಗತಿ", "ಶಿಫಾರಸು" ಅಂತ ಇದ್ರೆ ಅದು ಬೇರೆಯೇ ಮಾತು. ಅಲ್ಲಿ ನಿಲ್ಲಿಸಿ, ಕೇಳಿ.

ಗುಟ್ಟು ಒಡೆಯೋದು ಕೌನ್ಸೆಲರ್ ಬಾಯಿಂದಲೇ ಅಂತ ಎಲ್ಲರೂ ಭಯಪಡ್ತಾರೆ. ಆದ್ರೆ ನೀವೇ ಬಾಗಿಲು ತೆಗೆದಿಟ್ಟಿರ್ತೀರಿ. ಆಫೀಸ್ ಕ್ಯಾಲೆಂಡರ್‌ನಲ್ಲಿ "ಕೌನ್ಸೆಲಿಂಗ್, 3 ಗಂಟೆ" ಅಂತ ಹಾಕಿರ್ತೀರಿ, ಇಡೀ ಟೀಮಿಗೆ ಕಾಣುತ್ತೆ. ಆಫೀಸ್ ಮೇಲ್ ಐಡಿಯಿಂದ ಆ್ಯಪ್‌ಗೆ ಲಾಗಿನ್ ಆಗಿರ್ತೀರಿ. ಕಂಪನಿ ಲ್ಯಾಪ್‌ಟಾಪ್‌ನಲ್ಲಿ ವಿಡಿಯೋ ಕಾಲ್, ಅದೂ ಗಾಜಿನ ಮೀಟಿಂಗ್ ರೂಮಲ್ಲಿ ಕೂತು ಕಣ್ಣೊರೆಸಿಕೊಳ್ತಾ. ಸ್ವಂತ ಫೋನು, ಸ್ವಂತ ಮೇಲ್, ಸ್ವಂತ ಡೇಟಾ ಬಳಸಿ. ಪಿಜಿಯಲ್ಲಿ ಇದ್ದು ಜಾಗ ಇಲ್ಲ ಅಂದ್ರೆ ಟೆರೇಸ್ ಇದೆ, ನಿಲ್ಲಿಸಿರೋ ಕಾರಿದೆ, ಪಾರ್ಕಿನ ಬೆಂಚಿದೆ. ಕ್ಯಾಬಿನಲ್ಲಿ ಮಾತ್ರ ಬೇಡ.

ಗುಟ್ಟು ಹೊರಗೆ ಹೋಗೋಕೆ ಇನ್ಶೂರೆನ್ಸ್ ಇನ್ನೊಂದು ದಾರಿ. ಕೌನ್ಸೆಲರ್ ಮಾತ್ರೆ ಬರೆಯೋ ಹಾಗಿಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಯಾರೂ ಇಲ್ಲದೆ ಇದ್ರೂ ಧ್ವನಿ ಕೇಳುತ್ತೆ, ಕುಡಿಯದಿದ್ರೆ ಕೈ ನಡುಗುತ್ತೆ ಅಂದ್ರೆ ಅದು ಆರು ಸೆಷನ್ನಿನ ಕೆಲಸ ಅಲ್ಲ, ಸೈಕಿಯಾಟ್ರಿಸ್ಟ್ ನೋಡಬೇಕು. ಅದೇ 2017ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ದೇಹದ ಕಾಯಿಲೆಗೆ ಕೊಡೋ ಹಾಗೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಸರಿ, ಆದ್ರೆ ಆ ಕ್ಲೇಮ್ ಕಾಗದ ಹೋಗೋದು ಟಿಪಿಎಗೆ, ಅಂದ್ರೆ ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೇಮ್ ನೋಡ್ಕೊಳ್ಳೋ ಸಂಸ್ಥೆಗೆ, ಇಎಪಿಯವರಿಗಲ್ಲ. ಕೆಲವು ಕಡೆ ಎಚ್‌ಆರ್‌ನವರೇ ಕ್ಲೇಮ್ ಫೈಲ್ ತಗೊಂಡು ಕಳಿಸಿಕೊಡ್ತಾರೆ. ನೇರವಾಗಿ ಟಿಪಿಎ ಪೋರ್ಟಲ್‌ನಲ್ಲಿ ಹಾಕಬಹುದಾ? ಕೇಳಿ.

ಇನ್ನೊಂದು ವಿಷಯ ನನಗೆ ನಿಜವಾಗಲೂ ಸಂಕಟ ಆಗುತ್ತೆ. ಆಫೀಸಿನಲ್ಲಿ ಲೈಂಗಿಕ ಕಿರುಕುಳ ಆಗಿರುತ್ತೆ, ಕೌನ್ಸೆಲರ್ ಹತ್ರ ಹೇಳ್ಕೊಂಡಿರ್ತಾರೆ, ಕಂಪನಿಗೆ ತಿಳಿಸಿದ ಹಾಗಾಯ್ತು ಅಂದ್ಕೊಂಡಿರ್ತಾರೆ. ಇಲ್ಲ! ಗುಟ್ಟು ಅಂದ ಮೇಲೆ ಗುಟ್ಟೇ, ಅದು ಕಂಪನಿಗೆ ಹೋಗಿಲ್ಲ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯೋ 2013ರ ಪಾಶ್ ಕಾಯ್ದೆಯಲ್ಲಿ ಕಂಪನಿಯ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡೋಕೆ ಇರೋದು 3 ತಿಂಗಳು. ಸಮಿತಿ ಕಾರಣ ಒಪ್ಪಿದ್ರೆ ಇನ್ನೂ 3 ತಿಂಗಳು. ನೀವು ಸೆಷನ್ನಿಗೆ ಹೋಗ್ತಾ ಇದ್ದೀರಿ ಅಂತ ಆ ಗಡಿಯಾರ ನಿಲ್ಲಲ್ಲ. "ಇದು ದೂರು ಆಗುತ್ತಾ?" ಅಂತ ಮೊದಲ ದಿನವೇ ಕೇಳಿದ್ರೆ ಎಷ್ಟೋ ಜನರ ತಿಂಗಳುಗಳು ಉಳೀತಿದ್ವು.

"ಇಷ್ಟೆಲ್ಲಾ ಪ್ರಶ್ನೆ ಕೇಳಿದ್ರೆ ಕೌನ್ಸೆಲರ್‌ಗೆ ಬೇಜಾರಾಗಲ್ವಾ?" ಬೇಜಾರಾದ್ರೆ ಬೇರೆ ಕೌನ್ಸೆಲರ್ ಕೇಳಿ, ಬದಲಾಯಿಸೋಕೆ ಅವಕಾಶ ಇರುತ್ತೆ. ಗಡಿ ಎಲ್ಲಿದೆ ಅಂತ ಮೊದಲೇ ಹೇಳೋದು ಅವರ ಕೆಲಸದ ಭಾಗ. ಅವರ ಓದು ಏನು ಅಂತಲೂ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳ್ಕೊಂಡ್ರೆ ಆರ್‌ಸಿಐ, ಅಂದ್ರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ನಂಬರ್ ಇರಬೇಕು. ತರಕಾರಿ ತಗೊಳ್ಳೋವಾಗ ಬೆಂಡೆಕಾಯಿ ತುದಿ ಮುರಿದು ನೋಡ್ತೀವಿ, ಇಲ್ಲಿ ಮಾತ್ರ ಸಂಕೋಚ ಯಾಕೆ?

"ಕಷ್ಟದಲ್ಲಿ ಇರೋರಿಗೆ ಇದನ್ನೆಲ್ಲಾ ಕೇಳೋ ತ್ರಾಣ ಎಲ್ಲಿರುತ್ತೆ?" ಅಂತೀರಿ. ಇರಲ್ಲ. ಅದಕ್ಕೇ ಚೆನ್ನಾಗಿರೋವಾಗ ಕೇಳಿಡಿ ಅನ್ನೋದು! ಮನೆಗೆ ಬೆಂಕಿ ಬಿದ್ದಾಗ ನೀರಿನ ನಲ್ಲಿ ಎಲ್ಲಿದೆ ಅಂತ ಹುಡುಕೋದಾ? ಈಗಲೇ ಜೀವ ಬೇಡ ಅನ್ನಿಸ್ತಿದ್ರೆ ಮಾತ್ರ ಒಂದು ಪ್ರಶ್ನೆಯನ್ನೂ ಕೇಳಬೇಡಿ, ಇಎಪಿಯನ್ನೂ ಕಾಯಬೇಡಿ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಕೇಂದ್ರ ಸರ್ಕಾರದ್ದು, 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದಿನದ 24 ಗಂಟೆ, ಉಚಿತ, ಕನ್ನಡದಲ್ಲಿ. ಮಧ್ಯದಲ್ಲಿ ಯಾವ ಕಂಪನಿಯೂ ಇಲ್ಲ.

ಇನ್ನೂ ಕೆಲವರು ಬರೀತಾರೆ, "ಇದೆಲ್ಲಾ ಬೆಂಗಳೂರು ಜನರ ಶೋಕಿ, ನಮ್ಮ ಕಾಲದಲ್ಲಿ ಇರಲಿಲ್ಲ" ಅಂತ. ಬರೀಲಿ. ನಾನು ಉತ್ತರ ಕೊಡಲ್ಲ. ಕೇಳೋದಕ್ಕೆ ದುಡ್ಡಿಲ್ಲ, ಕೇಳೋದಕ್ಕೆ ಸೆಷನ್ ಖರ್ಚಾಗಲ್ಲ. ಕೇಳಿ! ಆಮೇಲೆ ಹೇಳಿ! ಎಷ್ಟು ಸಲ ಬೇಕಾದ್ರೂ ಹೇಳ್ತೀನಿ. ಕನ್ನಡದಲ್ಲಿ ಇಂಥ ಕೆಲಸದ ವಿಷಯ ಬಿಡಿಸಿ ಹೇಳೋರು ಕಡಿಮೆ, ಅದಕ್ಕೇ ಈ ಚಾನೆಲ್ ನಡೀತಿದೆ, ಸಬ್‌ಸ್ಕ್ರೈಬ್ ಮಾಡಿ, ನಿಮ್ಮ ಆಫೀಸ್ ಗ್ರೂಪಿಗೆ ಕಳಿಸೋಕೆ ಮುಜುಗರ ಆದ್ರೆ ಒಬ್ಬ ಸ್ನೇಹಿತರಿಗಾದ್ರೂ ಕಳಿಸಿ.

ಈಗ ಐಡಿ ಕಾರ್ಡ್ ತಿರುಗಿಸಿ ನೋಡಿ, ಇಲ್ಲದಿದ್ರೆ ಕಂಪನಿ ಪೋರ್ಟಲ್‌ನಲ್ಲಿ ಹುಡುಕಿ, ಆ ಇಎಪಿ ನಂಬರನ್ನ ನಿಮ್ಮ ಸ್ವಂತ ಫೋನಿನಲ್ಲಿ ಸೇವ್ ಮಾಡಿ. ನಾಳೆ ಊಟದ ಹೊತ್ತಲ್ಲಿ ಹೊರಗೆ ಟೀ ಅಂಗಡಿಯಿಂದ ಆಚೆ ನಿಂತು ಫೋನ್ ಮಾಡಿ. ಹೆಸರು ಹೇಳಬೇಡಿ. "ಸೆಷನ್ ಎಷ್ಟು, ಕನ್ನಡದವರು ಇದ್ದಾರಾ, ಕಂಪನಿಗೆ ಏನೇನು ಹೋಗುತ್ತೆ?" ಅಂತ ಕೇಳಿ. ಅವರು ಏನಂದ್ರು ಅಂತ ಕೆಳಗೆ ಬರೀರಿ. ಕಂಪನಿ ಹೆಸರು ಬೇಡ.