ಡ್ರಮ್ ಬಂದಾಗ ಸದ್ದು ತಗ್ಗಿಸಬೇಡಿ

ಕೇಳುಗರಿಗೆಲ್ಲ ನಮಸ್ಕಾರ. ಒಗ್ಗರಣೆ ಹಾಕುತ್ತಾ ರೇಡಿಯೋ ಕೇಳುತ್ತಿರುವವರಿಗೂ, ಆಟೋ ಸ್ಟ್ಯಾಂಡಿನಲ್ಲಿ ಬಾಡಿಗೆಗೆ ಕಾಯುತ್ತಾ ಕೂತವರಿಗೂ. ಇವತ್ತು ನನ್ನದು ಒಂದೇ ಮಾತು. ಬರೀ ರಾಗದ ಹಿಂದೆ ಹೋಗಬೇಡಿ, ತಾಳ ಕೇಳಿ.

ಇನ್‌ಕ್ರೆಡಿಬಲ್ ಬೋಂಗೋ ಬ್ಯಾಂಡ್ ಅಂತ ಒಂದು ತಂಡ ಇತ್ತು. ಊರೂರು ಸುತ್ತಿ ಹೆಸರು ಮಾಡಿದ ತಂಡ ಅಲ್ಲ. ಮೈಕೆಲ್ ವೈನರ್ ಎಂಬ ಅಮೆರಿಕದ ರೆಕಾರ್ಡ್ ಕಂಪನಿಯ ಅಧಿಕಾರಿ ಒಳ್ಳೊಳ್ಳೆ ವಾದ್ಯಗಾರರನ್ನು ಸ್ಟುಡಿಯೋಗೆ ಕರೆದು ನುಡಿಸಿದರು, ಅಷ್ಟೆ. 1973ರಲ್ಲಿ ಇವರ 'ಬೋಂಗೋ ರಾಕ್' ಆಲ್ಬಂ ಬಂತು. ಬೋಂಗೋ ಕ್ಯೂಬಾದ ವಾದ್ಯ. ಒಂದು ಚಿಕ್ಕದು, ಒಂದು ದೊಡ್ಡದು, ಜೋಡಿಸಿ ಮೊಣಕಾಲುಗಳ ನಡುವೆ ಇಟ್ಟುಕೊಂಡು ಬೆರಳಲ್ಲಿ ನುಡಿಸ್ತಾರೆ. ಕೆಳಗೆ ಡ್ರಮ್ ಸೆಟ್ಟಿನಲ್ಲಿ ಫಂಕ್, ಅಂದರೆ ಅಮೆರಿಕದ ಕಪ್ಪುಜನರ ಕುಣಿತದ ಸಂಗೀತ. ಮೊದಲ ಪೆಟ್ಟಿಗೇ ಜಾಸ್ತಿ ಒತ್ತು, ಧಪ್ ಅಂತ ಬೀಳುತ್ತೆ. ಅದರ ಮೇಲೆ ಬಹಾಮಾಸ್‌ನ ಕಿಂಗ್ ಎರಿಸನ್ ಅವರ ಕೈ ಬೋಂಗೋ ಮೇಲೆ, ಕಾಂಗಾ ಎಂಬ ಉದ್ದನೆಯ ಡ್ರಮ್‌ಗಳ ಮೇಲೆ ಓಡುತ್ತೆ.

ಈ ಆಲ್ಬಂನಲ್ಲಿ 'ಅಪಾಚಿ' ಅಂತ ಒಂದು ಟ್ಯೂನ್ ಇದೆ. ಆಗ ಅದು ದೊಡ್ಡ ಹಿಟ್ ಏನೂ ಆಗಲಿಲ್ಲ. ಅದನ್ನು ಉಳಿಸಿದ್ದು ನ್ಯೂಯಾರ್ಕಿನ ಬ್ರಾಂಕ್ಸ್‌ನ ಹುಡುಗ, ಡಿಜೆ ಕೂಲ್ ಹರ್ಕ್. ಹುಟ್ಟಿದ್ದು ಜಮೈಕಾದಲ್ಲಿ. 1973ರ ಆಗಸ್ಟ್ 11ರಂದು ತಂಗಿ ಸಿಂಡಿ ತಮ್ಮ ಕಟ್ಟಡದಲ್ಲೇ ಪಾರ್ಟಿ ಇಟ್ಟಳು, ಇವನು ರೆಕಾರ್ಡ್ ಹಾಕಿದ. ಇಂಥ ಪಾರ್ಟಿಗಳಲ್ಲಿ ಹರ್ಕ್ ಒಂದು ವಿಷಯ ಗಮನಿಸಿದ. ಕುಣಿಯುವವರು ಹಾಡಿಗೆ ಕಾಯುತ್ತಿಲ್ಲ! ಉಳಿದ ವಾದ್ಯ ನಿಂತು ಬರೀ ಡ್ರಮ್ ಉಳಿಯುವ ಗಳಿಗೆಗೆ ಕಾಯುತ್ತಿದ್ದಾರೆ. ಅದು ಬಂದು ಹೋಗೋದು ಕೆಲವೇ ಸೆಕೆಂಡ್. ಹರ್ಕ್ ಏನು ಮಾಡಿದ? ಒಂದೇ ರೆಕಾರ್ಡಿನ ಎರಡು ಪ್ರತಿ ತಂದ. ಒಂದರಲ್ಲಿ ಡ್ರಮ್ ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಅದೇ ಡ್ರಮ್ ಶುರು. ಆ ಕಡೆ, ಈ ಕಡೆ, ಮತ್ತೆ ಆ ಕಡೆ. ಕುಣಿತ ನಿಲ್ಲಲೇ ಇಲ್ಲ. ಯಾವ ರೆಕಾರ್ಡ್ ಅಂತ ಬೇರೆ ಡಿಜೆಗಳಿಗೆ ತಿಳಿಯಬಾರದು ಅಂತ ಲೇಬಲ್‌ಗಳನ್ನು ನೀರಲ್ಲಿ ನೆನೆಸಿ ಕಿತ್ತುಬಿಡುತ್ತಿದ್ದ. ತಾಳದ ಮೇಲೆ ಮಾತು ಪೋಣಿಸುವ ಹಿಪ್‌ಹಾಪ್ ಸಂಗೀತ ಹುಟ್ಟಿದ್ದೇ ಹೀಗೆ. 'ಅಪಾಚಿ'ಯ ಡ್ರಮ್ಮನ್ನು ಆಮೇಲೆ ಎಷ್ಟೋ ಜನ ತಮ್ಮ ಹಾಡಿಗೆ ಎತ್ತಿಕೊಂಡರು.

ಕಾಂಗಾದ ಬಗ್ಗೆ, ಡ್ರಮ್ ನುಡಿಸಿದ ಜಿಮ್ ಗಾರ್ಡನ್ ಬಗ್ಗೆ ಹೇಳೋದಿತ್ತು. ಸಮಯ ಇಲ್ಲ ಅಂತ ಗಾಜಿನಾಚೆಯಿಂದ ಕೈ ತೋರಿಸ್ತಿದ್ದಾರೆ. ಇರಲಿ. ಈಗ 'ಅಪಾಚಿ' ಹಾಕ್ತಾರೆ. ಶುರುವಿನಲ್ಲೇ ಡ್ರಮ್, ಬೋಂಗೋ, ಅದಾದ ಮೇಲೆ ಕಹಳೆ, ಗಿಟಾರ್ ಬರುತ್ತೆ. ನಡುವೆ ಮತ್ತೆ ಬರೀ ಡ್ರಮ್, ಬೋಂಗೋ. "ರಾಗ ಎಲ್ಲಿ ಹೋಯ್ತು" ಅಂತ ಆಗ ಸದ್ದು ತಗ್ಗಿಸಬೇಡಿ, ದಯವಿಟ್ಟು. ಸ್ವಲ್ಪ ಜೋರು ಮಾಡಿ.